ಹದಿನೈದನೇ ಕಲಮು

ನನಗೆ ಅನುಮಾನ ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ನಮ್ಮ ಮನೆಯವರೇ ನಿಮಗೆ ಎಲ್ಲಾದರೂ ಸಿಕ್ಕಿ ಹೇಳುತ್ತಾರೆ. ಚಿಕ್ಕಂದಿನಲ್ಲಿ ಹಾಲಿನವಳು ಹಾಲು ಅಳೆಯುವಾಗ ಪಾವಿನೊಳಗೆ ಅವಳ ಹೆಬ್ಬೆರಳು ಮುಳುಗಿದೆಯೋ ಏನೋ ಎಂದು ನಾನು ಬಗ್ಗಿ ನೋಡುತ್ತಿದ್ದೆನಂತೆ. "ಬೆಳ್ಳಗಿರೋದೆಲ್ಲ ಹಾಲಲ್ಲ ಅಂತಾರೆ ನಿಜ, ಹಾಲನ್ನೂ ನಂಬದಿದ್ರೆ ಹೇಗೇ ಗೌರಾ?" ಎಂದು ಅಮ್ಮ ನಗುತ್ತಿದ್ದಳು. ಇಂಥ ನಾನು ಮೂವತ್ತೊಂದು ವರ್ಷ ಒಬ್ಬ ಮನುಷ್ಯನ ಜೊತೆ ಸಂಸಾರ ಮಾಡಿ, ನೋಡಬೇಕಾದ್ದನ್ನು ಮಾತ್ರ ನೋಡಲಿಲ್ಲ.

ಆ ಮನುಷ್ಯ ಪ್ರೊಫೆಸರ್ ಮರುಳಸಿದ್ದಯ್ಯ. ನಮ್ಮೂರಿನ ಕಾನೂನು ಕಾಲೇಜಿನಲ್ಲಿ ವೈದ್ಯಕೀಯ ನೀತಿ ಎಂಬ ವಿಷಯವನ್ನು ಹುಟ್ಟುಹಾಕಿದವರು ಅವರೇ. ಡಾಕ್ಟರು ರೋಗಿಗೆ ಏನು ಮಾಡಬಹುದು, ಏನು ಮಾಡಬಾರದು, ಯಾರನ್ನು ಕೇಳಿ ಮಾಡಬೇಕು ಎಂಬುದರ ಬಗ್ಗೆ ಅವರು ಬರೆದ ದಪ್ಪ ಪುಸ್ತಕವನ್ನು ವಿದ್ಯಾರ್ಥಿಗಳು ಈಗಲೂ ಬಾಯಿಪಾಠ ಮಾಡುತ್ತಾರೆ. ಆದರೆ ನಾನು ಮದುವೆಯಾಗಿ ಬಂದಾಗ ಅವರು ಪಾಠ ಹೇಳುತ್ತಿದ್ದದ್ದು ಆಸ್ತಿ ಕಾನೂನು. ಅಣ್ಣತಮ್ಮಂದಿರ ಪಾಲು, ಬದುವಿನ ಜಗಳ, ಗೋಡೆಯ ಮೇಲಿನ ಹಕ್ಕು. ಅದರಲ್ಲಿ ಒಳ್ಳೆಯ ಹೆಸರಿತ್ತು. ಸಂಜೆಯಾದರೆ ಸಲಹೆ ಕೇಳಲು ಬಂದವರ ಚಪ್ಪಲಿ ನಮ್ಮ ಜಗಲಿಯ ಕೆಳಗೆ ಸಾಲಾಗಿ ಬಿದ್ದಿರುತ್ತಿದ್ದವು. ನಮ್ಮ ಮಗಳು ಹುಟ್ಟಿದ ವರ್ಷ ಅದನ್ನೆಲ್ಲ ಇದ್ದಕ್ಕಿದ್ದಂತೆ ಕೈಬಿಟ್ಟು ಆಸ್ಪತ್ರೆಯ ಕಾನೂನು ಹಿಡಿದರು. ಯಾಕೆಂದು ಯಾರಿಗೂ ತಿಳಿಯಲಿಲ್ಲ. ನಾನು ಕೇಳಿದ್ದಕ್ಕೆ, "ಆಸ್ತಿ ಹೋದ್ರೆ ಸಂಪಾದಿಸಬಹುದು, ಮೈ ಹೋದ್ರೆ?" ಎಂದರು. ಮಾತು ಚೆನ್ನಾಗಿತ್ತು. ಕಂಕುಳಲ್ಲಿ ಕೂಸಿತ್ತು, ಒಲೆಯ ಮೇಲೆ ಸಾರಿತ್ತು, ನಾನು ಅದನ್ನು ಅಲ್ಲಿಗೇ ಬಿಟ್ಟೆ.

ನಮ್ಮೂರಿನಲ್ಲಿ ಕತ್ತರಿ ಬೀಳುವುದು ರೋಗಿಯ ಮೈಗೆ, ಗುರುತು ಉಳಿಯುವುದು ತೀರ್ಮಾನ ಮಾಡಿದವರ ಮೈಮೇಲೆ. ಡಾಕ್ಟರು ಹೊಲಿಗೆಯ ಕೊನೆಯ ಗಂಟು ಹಾಕಿದ ಕೂಡಲೇ ಗಾಯ ರೋಗಿಯನ್ನು ಬಿಟ್ಟು ಹೋಗಿ, "ಆಗಲಿ, ಮಾಡಿ" ಎಂದವರನ್ನು ಹುಡುಕಿಕೊಳ್ಳುತ್ತದೆ. ಆಗಲಿ ಎಂದವರು ರೋಗಿಯೇ ಆಗಿದ್ದರೆ ಅವರಲ್ಲೇ ನಿಲ್ಲುತ್ತದೆ. ಎದುರು ಮನೆಯ ದುಂಡಪ್ಪನವರು ತಂದೆಯ ಕಾಲು ತೆಗೆಸಿದಾಗಿನಿಂದ ಇವತ್ತಿನವರೆಗೆ ಪಂಚೆಯನ್ನು ಮೊಣಕಾಲಿನ ಮೇಲೆ ಕಟ್ಟಿಲ್ಲ. ಗಂಡು ನೋಡಲು ಹೋದವರು ಹುಡುಗನ ತಾಯಿಯ ತೋಳು ನೋಡುತ್ತಾರೆ, ಹುಡುಗನ ಜಾತಕ ಆಮೇಲೆ. ತೀರ್ಮಾನ ಬೇರೆಯವರ ತಲೆಗೆ ಕಟ್ಟಲು ಜನ ಏನೇನೋ ಮಾಡುತ್ತಾರೆ. ಊರ ಹೊರಗಿನ ಸೋದರಮಾವನ ಕೈಲಿ ಹೂಂ ಅನ್ನಿಸುತ್ತಾರೆ, ಕುಡಿದು ಬಿದ್ದವನಿಂದ ಹೆಬ್ಬೆಟ್ಟು ಒತ್ತಿಸುತ್ತಾರೆ. ಗಾಯ ಅದಕ್ಕೆಲ್ಲ ಮರುಳಾಗುವುದಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಅಷ್ಟೇ.

ಇದರಿಂದ ಊರಲ್ಲಿ ಒಂದು ಪದ್ಧತಿ ಬೆಳೆದಿದೆ. ನಿನ್ನ ಗುರುತು ತೋರಿಸು ಎಂದು ಯಾರನ್ನಾದರೂ ಕೇಳಬೇಕಾದರೆ, ಕೇಳುವವರು ಮೊದಲು ತಮ್ಮದನ್ನು ತೋರಿಸಬೇಕು. ತೋರಿಸಿ ಕೇಳಿದವರಿಗೆ ಇಲ್ಲವೆನ್ನುವ ಹಾಗಿಲ್ಲ. ಇಲ್ಲವೆಂದ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲ, ಅಲ್ಲಿಂದ ತರುವುದೂ ಇಲ್ಲ. ಗಂಡಹೆಂಡಿರ ನಡುವೆ ಮಾತ್ರ ಆ ಮಾತು ಬರಬಾರದು. ಬಂದರೆ ಮನೆ ಒಡೆದ ಹಾಗೆ ಎಂದು ಹಿರಿಯರು ಹೇಳುತ್ತಾರೆ.

ನಮ್ಮವರ ಮೈಮೇಲೆ ಆಗ ಇದ್ದದ್ದು ಒಂದೇ ಒಂದು ಗುರುತು. ಹೊಕ್ಕುಳಿನ ಕೆಳಗೆ, ಅಡ್ಡಕ್ಕೆ, ಹೆಬ್ಬೆರಳಗಲ. ನಾನು ಬಾಣಂತನ ಮುಗಿಸಿಕೊಂಡು ತವರಿನಿಂದ ಬಂದಾಗ ಅದು ಹೊಸದಾಗಿತ್ತು. ಸೈಕಲ್ಲಿನಿಂದ ಬಿದ್ದು ಹ್ಯಾಂಡಲ್ ಚುಚ್ಚಿತು ಎಂದರು. ಸೈಕಲ್ಲಿನ ಹ್ಯಾಂಡಲ್ ನಿಜವಾಗಿಯೂ ಸೊಟ್ಟಗಾಗಿತ್ತು. ನಾನು ಹರಿಶಿನ ಹಚ್ಚಿದೆ.

ಅವರು ದೊಡ್ಡವರಾದದ್ದು ಒಂದು ಫಾರಮ್ಮಿನಿಂದ. ಹದಿನಾರು ವರ್ಷದ ಹಿಂದೆ ಊರಲ್ಲಿ ಸರ್ಜನ್ನರೇ ಉಳಿಯದಂಥ ಪರಿಸ್ಥಿತಿ ಬಂತು. ಅಪಘಾತದಲ್ಲಿ ಬಂದವನು ಮಾತಾಡುವ ಸ್ಥಿತಿಯಲ್ಲಿರುವುದಿಲ್ಲ, ಮನೆಯವರು ಹೂಂ ಎನ್ನಲು ಹೆದರಿ ಕಾರಿಡಾರಿನಿಂದಲೇ ಜಾರಿಕೊಳ್ಳುತ್ತಾರೆ, ಕೊನೆಗೆ ತೀರ್ಮಾನ ಡಾಕ್ಟರದೇ. ನಲವತ್ತು ದಾಟುವ ಹೊತ್ತಿಗೆ ಅವರ ಮೈ ಚೌಕಾಬಾರ ಆಡುವ ಮಕ್ಕಳು ಗೀಚಿದ ನೆಲದ ಹಾಗಾಗಿರುತ್ತಿತ್ತು. ಕೈ ಎತ್ತಿದರೆ ಉರಿ, ಬಗ್ಗಿದರೆ ಸೆಳೆತ. ಒಬ್ಬೊಬ್ಬರೇ ಕತ್ತರಿ ಕೆಳಗಿಟ್ಟು ಜ್ವರ ಕೆಮ್ಮಿಗೆ ಔಷಧಿ ಬರೆದುಕೊಂಡು ಕೂತರು. ಆಗ ಆಸ್ಪತ್ರೆಯವರು ಬಂದು ಪ್ರೊಫೆಸರರ ಕಾಲು ಹಿಡಿದರು. ಅವರು ಮೂರು ತಿಂಗಳು ಕೂತು ಒಪ್ಪಿಗೆಯ ಫಾರಮ್ಮು ಬರೆದುಕೊಟ್ಟರು. ಹದಿನೈದು ಕಲಮುಗಳು. ಮೊದಲ ಹದಿನಾಲ್ಕು ಬಲು ಚೆಂದ. ರೋಗಿಗೆ ಅವನ ಭಾಷೆಯಲ್ಲಿ ಹೇಳಬೇಕು, ಅವಸರ ಮಾಡಬಾರದು, ಹೆದರಿಸಬಾರದು. ಹದಿನೈದನೆಯದು ಒಂದೇ ಸಾಲು: ಚಿಕಿತ್ಸೆಯ ನಡುವೆ ಅಗತ್ಯವೆಂದು ಕಂಡುಬರುವ ಇತರ ಎಲ್ಲದಕ್ಕೂ ಒಪ್ಪಿಗೆ ಇದೆಯೆಂದು ಭಾವಿಸತಕ್ಕದ್ದು.

ಅಲ್ಲಿಂದ ಡಾಕ್ಟರುಗಳ ಮೈ ತಿಳಿಯಾಯಿತು. ಸಂಬಂಧಿಕರ ಮೈಯೂ ತಿಳಿಯಾಯಿತು. ಆಸ್ಪತ್ರೆಗೆ ಮೂವರು ಹೊಸ ಸರ್ಜನ್ನರು ಬಂದರು. ಪ್ರೊಫೆಸರರಿಗೆ ಶಾಲು ಹೊದಿಸಿದ್ದೇ ಹೊದಿಸಿದ್ದು, ನಮ್ಮ ಟ್ರಂಕಿನಲ್ಲಿ ಅವಕ್ಕೆ ಜಾಗ ಸಾಲದೆ ನಾನು ಎರಡನ್ನು ಕಿಟಕಿಗೆ ಪರದೆ ಮಾಡಿದೆ. ಗಾಯಗಳೆಲ್ಲ ಎಲ್ಲಿ ಹೋದವು ಎಂದು ಯಾರೂ ಕೇಳಲಿಲ್ಲ. ತಮ್ಮ ಮೈಮೇಲಿಲ್ಲವಲ್ಲ, ಅಷ್ಟು ಸಾಕಿತ್ತು. ಗುರುತಿನ ತಕರಾರು ಬಂದರೆ ವಿಚಾರಿಸಲು ಕಾಲೇಜಿನಲ್ಲೇ ಒಂದು ಸಮಿತಿಯಾಯಿತು, ಅದಕ್ಕೂ ಅವರೇ ಅಧ್ಯಕ್ಷರು. ಸಮಿತಿಯ ನಿಯಮಗಳನ್ನೂ ಅವರೇ ಬರೆದರು. ಅಧ್ಯಕ್ಷರು ಪ್ರತಿ ಸಲವೂ ಮೊದಲು ತೋರಿಸುತ್ತ ಕೂತರೆ ಸಮಯ ವ್ಯರ್ಥ, ಆದ್ದರಿಂದ ಅವರಿಗೆ ಆ ಪದ್ಧತಿಯಿಂದ ವಿನಾಯಿತಿ ಎಂದು ಅದರಲ್ಲಿ ಒಂದು ಸಾಲು ಸೇರಿಕೊಂಡಿತು.

ನಮ್ಮ ಬಚ್ಚಲಿನ ಬಾಗಿಲಿಗೆ ಚಿಲಕ ಬಿದ್ದದ್ದು ಅದೇ ವರ್ಷ. ಅದುವರೆಗೆ "ಗೌರಾ, ಬೆನ್ನುಜ್ಜು ಬಾರೆ" ಎಂದು ಕೂಗುತ್ತಿದ್ದ ಮನುಷ್ಯ ಒಳಗಿನಿಂದ ಅಗಳಿ ಹಾಕಿಕೊಂಡು ಸ್ನಾನ ಮಾಡತೊಡಗಿದರು. ಬೇಸಿಗೆಯಲ್ಲೂ ತುಂಬುತೋಳಿನ ಬನಿಯನ್ನು, ಅದರ ಮೇಲೆ ಅಂಗಿ, ಮಲಗುವಾಗಲೂ ಬಿಚ್ಚುವುದಿಲ್ಲ. ಕೇಳಿದರೆ ಎದೆಗೆ ಶೀತ ಎಂದರು. ನನಗೆ ಮೊದಲು ಬಂದ ಅನುಮಾನ ಯಾವುದೆಂದು ಹೇಳಬೇಕಿಲ್ಲ. ಹೆಂಡತಿಗೆ ಕಾಣಬಾರದ ಗುರುತು ಮೈಮೇಲಿದ್ದರೆ ಅದನ್ನು ಮಾಡಿದವಳು ಒಬ್ಬಳು ಇರಲೇಬೇಕಲ್ಲ? ಅಂಗಿಯ ಜೇಬು ನೋಡಿದೆ. ಕೊರಳಪಟ್ಟಿ ಮೂಸಿದೆ. ಕಾಲೇಜಿನ ಜವಾನ ಬೈರಣ್ಣನಿಗೆ ತಿಂಡಿ ಕೊಟ್ಟು ಮಾತಿಗೆಳೆದೆ. "ಅಯ್ಯೋ ಅಮ್ಮಾವ್ರೇ, ಸಾಹೇಬ್ರು ಹೆಣ್ಣು ಹೊಸ್ತಿಲ ಹತ್ರ ಬಂದ್ರೆ ಪುಸ್ತಕ ಮುಖಕ್ಕೆ ಅಡ್ಡ ಹಿಡ್ಕೋತಾರೆ" ಎಂದ ಅವನು. ಸಿಕ್ಕಿದ್ದು ಒಂದೇ, ಬನಿಯನ್ನಿನ ಒಳಮೈಗೆ ಅಲ್ಲಲ್ಲಿ ಅಂಟಿದ ಕೊಬ್ಬರಿ ಎಣ್ಣೆಯ ಕಲೆ. ಉರಿಯುವ ಗುರುತಿಗೆ ನಮ್ಮೂರವರು ಕೊಬ್ಬರಿ ಎಣ್ಣೆ ಸವರುತ್ತಾರೆ. ಆಗಲೇ ನನಗೆ ಹೊಳೆಯಬೇಕಿತ್ತು. ನಾನೋ ಆ ಇಲ್ಲದ ಹೆಂಗಸು ತಲೆಗೆ ಎಷ್ಟು ಎಣ್ಣೆ ಹಾಕುತ್ತಾಳೆ ಎಂದು ಲೆಕ್ಕ ಹಾಕುತ್ತ ಕೂತೆ.

ಹೀಗೆ ಹದಿನಾರು ವರ್ಷ. ಕಳೆದ ಮಾರ್ಗಶಿರದಲ್ಲಿ, ಅವರು ನಿವೃತ್ತರಾಗಲು ಇನ್ನು ಎರಡು ತಿಂಗಳಿದೆ ಎನ್ನುವಾಗ, ಚೆಲುವಮ್ಮ ನಮ್ಮ ಮನೆಗೆ ಬಂದಳು. ನನ್ನ ರವಿಕೆಗಳನ್ನು ಹೊಲಿಯುವವಳು. ಮೂವತ್ತೊಂದು ಮೂವತ್ತೆರಡರ ಹೆಂಗಸು, ಅಳತೆಯ ಟೇಪು ಸದಾ ಕೊರಳಲ್ಲಿ ತಾಳಿಯ ಜೊತೆ ತೂಗುತ್ತಿರುತ್ತದೆ. ಅವತ್ತು ರವಿಕೆಯ ಗಂಟು ಕೆಳಗಿಟ್ಟವಳು ಏಳಲಿಲ್ಲ. ಅಡುಗೆಮನೆಯ ಹೊಸ್ತಿಲಲ್ಲೇ ಕೂತಳು.

"ಅಮ್ಮಾ, ನಿಮ್ಮನ್ನ ಒಂದು ಕೇಳ್ಬೇಕು. ಮೊದ್ಲು ತೋರುಸ್ತೀನಿ" ಎಂದು ಸೀರೆಯ ನೆರಿಗೆ ತುಸು ಕೆಳಗೆ ಸರಿಸಿದಳು. ಹೊಟ್ಟೆ ನುಣ್ಣಗಿತ್ತು. ಬಸಿರಿನ ಬರೆಗಳು ಬಿಟ್ಟರೆ ಏನೂ ಇರಲಿಲ್ಲ.

"ಏನೂ ಇಲ್ವಲ್ಲೇ" ಎಂದೆ.

"ಅದೇ ಅಮ್ಮ. ಏನೂ ಇಲ್ಲ. ಒಳಗೂ ಏನೂ ಇಲ್ಲ."

ಅವಳು ಹೇಳಿದ್ದು ಇಷ್ಟು. ಯುಗಾದಿಯ ಹಿಂದಿನ ದಿನ ಹೊಟ್ಟೆನೋವೆಂದು ಆಸ್ಪತ್ರೆಗೆ ಸೇರಿದಳು. ಫಾರಮ್ಮಿಗೆ ಸಹಿ ಹಾಕಿಸಿಕೊಂಡರು. ಹಬ್ಬದ ದಿನ ಮಧ್ಯಾಹ್ನ ಸೂಜಿ ಚುಚ್ಚಿದರು, ಎಚ್ಚರವಾದಾಗ ಹೊಟ್ಟೆಯಿಂದ ಕೆಟ್ಟ ನೀರು ತೆಗೆದಿದ್ದೇವೆ ಎಂದು ಡಾಕ್ಟರ್ ಸಂಪತ್ಕುಮಾರ್ ಹೇಳಿದರು. ಆಮೇಲೆ ಅವಳು ತಿಂಗಳು ತಿಂಗಳು ಹೊರಗಾಗುವುದು ನಿಂತಿತು. ಬಸಿರೆಂದು ಮನೆಯವರು ಹಿಗ್ಗಿದರು. ಐದು ತಿಂಗಳು ಕಳೆದರೂ ಹೊಟ್ಟೆ ಏಳದಿದ್ದಾಗ ಪಕ್ಕದೂರಿಗೆ ಹೋಗಿ ಸ್ಕ್ಯಾನಿಂಗ್ ಮಾಡಿಸಿದಳು. ಗರ್ಭಕೋಶವೇ ಇಲ್ಲ.

"ನಮ್ಮೆಜಮಾನ್ರ ಮೈಮೇಲಿಲ್ಲ, ನೋಡ್ದೆ. ಅತ್ತೆ ಮೈಮೇಲಿಲ್ಲ, ತೋರಿಸಿ ಕೇಳ್ದೆ. ಡಾಕ್ಟ್ರು, ನರ್ಸಮ್ಮ ಯಾರ ಮೇಲೂ ಇಲ್ವಂತೆ. ಗುರುತಿಲ್ದ ಮೇಲೆ ಆಪರೇಸನ್ನೂ ಆಗಿಲ್ಲ ಅಂತಾರೆ. ನಾನೇ ಊರಾಚೆ ಹೋಗಿ ಯಾರ ತಲೆಗೋ ಗುರುತು ಕಟ್ಟಿ ತೆಗೆಸ್ಕೊಂಡು ಬಂದು ನಾಟ್ಕ ಆಡ್ತಿದೀನಂತೆ. ಒಂದು ಹೆಣ್ಣೇ ಸಾಕು ಅಂತ ಮಾಡಿದಾಳೆ ಅಂತ ಅತ್ತೆ ಬೀದಿಗೆಲ್ಲ ಹೇಳ್ತಾ ಅವ್ರೆ. ಸಮಿತಿಯೋರು ಗುರುತು ಸಿಗ್ಲಿಲ್ಲ ಅಂತ ಬರ್ದುಬಿಟ್ರೆ, ಸಂಕ್ರಾಂತಿ ಕಳೀತಿದ್ದಂಗೆ ನನ್ನ ಮಗೂನ ಕಿತ್ಕೊಂಡು ಹೊರಗೆ ಹಾಕಿ ಬೇರೆಯೋಳ್ನ ತರ್ತಾರೆ ಅಮ್ಮ." ಅವಳು ಅಳಲಿಲ್ಲ. ಟೇಪಿನ ತುದಿಯ ತಗಡನ್ನು ಬೆರಳಿನಲ್ಲಿ ಬಾಗಿಸುತ್ತ ಕೂತಿದ್ದಳು. "ನಿಮ್ಮನೆಯೋರು ದೊಡ್ಡೋರು. ಸರಿಯಾಗಿ ಹುಡುಕ್ಸಿ ಅಂತ ಒಂದು ಮಾತು ಹೇಳಿ."

ನಾನು ಹೇಳುತ್ತೇನೆ ಎಂದೆ. ಹೇಳುವಾಗ ನನ್ನ ಮನಸ್ಸು ಬೇರೆಲ್ಲೋ ಇತ್ತು. ಯುಗಾದಿಯ ಮಧ್ಯಾಹ್ನ ನಮ್ಮನೆಯವರು ಎರಡನೇ ಹೋಳಿಗೆಯನ್ನು ಅರ್ಧಕ್ಕೆ ಬಿಟ್ಟು ಎದ್ದುಹೋಗಿದ್ದರು. ಹೋಳಿಗೆ ಬಿಡುವ ಜೀವವಲ್ಲ ಅದು. ಹೊಟ್ಟೆಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು, ವಾಯು ಎಂದು ಹೇಳಿ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡವರು ಮುಕ್ಕಾಲು ಗಂಟೆ ಹೊರಗೆ ಬಂದಿರಲಿಲ್ಲ.

ಸಂಜೆ ಅವರು ಕಾಫಿ ಕುಡಿಯುತ್ತಿದ್ದಾಗ ಚೆಲುವಮ್ಮನ ವಿಷಯ ತೆಗೆದೆ. ಲೋಟ ತುಟಿಯ ಹತ್ತಿರವೇ ನಿಂತಿತು. ಅವರ ಎಡಗೈ ತಾನಾಗಿ ಅಂಗಿಯ ಮೇಲಿನಿಂದ ಹೊಟ್ಟೆಯ ಕೆಳಭಾಗವನ್ನು ಮುಟ್ಟಿ ನೋಡಿಕೊಂಡಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ ಎಂದು ಕೇಳಿದ್ದೆ, ಕಣ್ಣಾರೆ ಕಂಡಿದ್ದು ಅವತ್ತೇ.

"ಗುರುತಿಲ್ಲದ ಕಡೆ ತೀರ್ಮಾನವೂ ಇಲ್ಲ ಗೌರಾ. ಅದು ಕಾನೂನು" ಎಂದರು.

"ಕಾನೂನು ಬರೆದೋರು ಯಾರು?" ಎಂದೆ. ಅವತ್ತಿನಿಂದ ವಿಚಾರಣೆಯ ದಿನದವರೆಗೆ ನಾನು ಅವರನ್ನೇ ನೋಡುತ್ತಿದ್ದೆ, ಅವರು ಗೋಡೆ ನೋಡುತ್ತಿದ್ದರು. ಇಲ್ಲದ ಆ ಹೆಂಗಸನ್ನು ಹದಿನಾರು ವರ್ಷ ಬೈದಿದ್ದೆ. ಈಗ ಅವಳೇ ಇದ್ದಿದ್ದರೆ ಎಷ್ಟೋ ವಾಸಿಯಿತ್ತು ಅನ್ನಿಸಿತು.

ವಿಚಾರಣೆ ಕಾಲೇಜಿನ ಸಭಾಂಗಣದಲ್ಲಿ. ಸಾಕಷ್ಟು ಜನ ಸೇರಿದ್ದರು; ನಮ್ಮೂರಿನಲ್ಲಿ ಬೇರೆಯವರ ಮೈ ನೋಡಲು ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ವೇದಿಕೆಯ ಮೇಲೆ ಸಮಿತಿಯ ಇಬ್ಬರು, ನಡುವೆ ನಮ್ಮವರು, ಕತ್ತಿನವರೆಗೆ ಗುಂಡಿ ಹಾಕಿದ ಕೋಟು. ಚೆಲುವಮ್ಮ ಪರದೆಯ ಹಿಂದೆ ಇಬ್ಬರು ಹೆಂಗಸು ಸಾಕ್ಷಿಗಳಿಗೆ ತೋರಿಸಿ ಬಂದು, ಒಬ್ಬೊಬ್ಬರನ್ನೇ ಕೇಳಿದಳು. ಗಂಡ ಅವಳು ಕೇಳುವ ಮೊದಲೇ ತಾನಾಗಿ ಅಂಗಿ ಬಿಚ್ಚಿದ, ಏನೂ ಇಲ್ಲ. ಅತ್ತೆ ಪರದೆಯ ಹಿಂದೆ ಹೋಗಿ ಬಂದಳು, ಏನೂ ಇಲ್ಲ. ಡಾಕ್ಟರ್ ಸಂಪತ್ಕುಮಾರ್ ಎದೆ ಹೊಟ್ಟೆ ಎಲ್ಲ ತೋರಿಸಿ, ಬೆನ್ನನ್ನೂ ತಿರುಗಿಸಿ ತೋರಿಸಿದರು. ಸರ್ಜನ್ನರ ಮೈ ಹಾಗೆ ಮಗುವಿನ ಮೈಯಂತೆ ಇರುವುದನ್ನು ಕಂಡು ಹಳಬರು ಹುಬ್ಬೇರಿಸಿದರು.

"ನೀರು ತೆಗೆದೆ, ಅಷ್ಟೇ. ಕತ್ತರಿ ಹಾಕಿದ್ದರೆ ಗುರುತು ಎಲ್ಲಾದರೂ ಇರಬೇಕಲ್ಲ?" ಎಂದರು ಡಾಕ್ಟರು. ಅತ್ತೆ, "ಅದ್ನೇ ನಾನೂ ಬಡ್ಕೊಂಡಿದ್ದು" ಎಂದು ಗಟ್ಟಿಯಾಗಿ ಹೇಳಿದಳು. ಯಾರೋ ನಕ್ಕರು.

ನಮ್ಮವರು ಪೆನ್ನು ತೆಗೆದರು. ಗುರುತು ಪತ್ತೆಯಾಗದ ಕಾರಣ ಎಂದು ಓದಿಕೊಳ್ಳುತ್ತ ಬರೆಯತೊಡಗಿದರು. ಎಡಗೈ ಮತ್ತೆ ಕೋಟಿನ ಮೇಲಿನಿಂದ ಹೊಟ್ಟೆಯ ಕೆಳಭಾಗಕ್ಕೆ ಹೋಯಿತು. ಅದು ಬೇರೆ ಯಾರಿಗೂ ಕಾಣದು. ಮೂವತ್ತೊಂದು ವರ್ಷ ಆ ಕೈಗೆ ಲೋಟ ಕೊಟ್ಟವಳಿಗೆ ಕಾಣುತ್ತದೆ. ನಾನು ಎದ್ದು ನಿಂತದ್ದು ನನಗೇ ಗೊತ್ತಾಗಲಿಲ್ಲ.

"ಅಧ್ಯಕ್ಷರನ್ನ ಯಾರೂ ಕೇಳ್ಲಿಲ್ಲ" ಎಂದೆ.

ಸಭೆ ತಿರುಗಿ ನೋಡಿತು. ಸಮಿತಿಯವರಲ್ಲೊಬ್ಬರು, "ಅಮ್ಮಾ, ಅಧ್ಯಕ್ಷರಿಗೆ ನಿಯಮದ ಪ್ರಕಾರ ವಿನಾಯಿತಿ ಇದೆ" ಎಂದರು.

"ಮೊದಲು ತೋರಿಸೋದರಿಂದ ವಿನಾಯಿತಿ. ತೋರಿಸಿ ಕೇಳಿದವರಿಗೆ ಇಲ್ಲ ಅನ್ನೋಕೆ ವಿನಾಯಿತಿ ಇದೆಯಾ? ಓದಿ ನೋಡಿ." ನಾನೂ ಕಾನೂನು ಪ್ರೊಫೆಸರರ ಹೆಂಡತಿ. ಆ ನಿಯಮಗಳ ಕರಡು ತಿದ್ದಿದವಳು ನಾನೇ.

ಅವರು ಹಾಳೆ ಮಗುಚಿದರು. ಇರಲಿಲ್ಲ. ನಾನು ಪರದೆಯ ಹಿಂದೆ ಹೋಗಲಿಲ್ಲ. ಐವತ್ತು ದಾಟಿದವಳಿಗೆ ಯಾವ ಪರದೆ? ಅಲ್ಲೇ ನಿಂತು ಸೆರಗು ಸರಿಸಿ, ನೆರಿಗೆಯನ್ನು ನಾಲ್ಕು ಬೆರಳು ಕೆಳಗೆ ತಂದು, ದೀಪದ ಕಡೆ ತಿರುಗಿದೆ. "ನೋಡ್ಕೊಳ್ಳಿ. ನನ್ನ ಹೊಟ್ಟೆ ಮೇಲೆ ಒಂದು ಗೆರೆಯೂ ಇಲ್ಲ" ಎಂದೆ. ಹೆಮ್ಮೆಯಿಂದಲೇ ಹೇಳಿದೆ. ನನ್ನ ಹೊಟ್ಟೆ ನೋಡಿದ ನಮ್ಮವರ ಮುಖ ಸುಣ್ಣದಂತಾಯಿತು. ಸಿಕ್ಕಿಬಿದ್ದದ್ದಕ್ಕೆ ಎಂದುಕೊಂಡೆ. "ಈಗ ನೀವು ತೋರಿಸಿ."

ಗಂಡಹೆಂಡಿರ ನಡುವೆ ಬರಬಾರದ ಮಾತು ಊರಿನ ಎದುರು ಬಂದಿತ್ತು. ಅವರು ಎದ್ದು ಕೋಟು ಬಿಚ್ಚಿ ಕುರ್ಚಿಗೆ ಹಾಕಿದರು. ಅಂಗಿ ಬಿಚ್ಚಿದರು. ಕೊನೆಗೆ ಬನಿಯನ್ನು.

ಆ ಮೈಯನ್ನು ನಾನು ಹದಿನಾರು ವರ್ಷ ನೋಡಿರಲಿಲ್ಲ. ಗುರುತು ಸಿಗಲಿಲ್ಲ ನನಗೆ. ಎದೆಯಿಂದ ಸೊಂಟದವರೆಗೆ ಗೆರೆ, ಗೆರೆಯ ಮೇಲೆ ಗೆರೆ. ಉದ್ದದ್ದು, ಅಡ್ಡದ್ದು, ಬೆಳ್ಳಗೆ ಮಾಗಿದ್ದು, ಇನ್ನೂ ಕೆಂಪಾಗಿ ಉಬ್ಬಿದ್ದು. ನನಗೆ ಮೊದಲು ಬಂದದ್ದು ಕೋಪವಲ್ಲ, ಇಷ್ಟು ನೋವನ್ನು ಇಟ್ಟುಕೊಂಡು ಈ ಮನುಷ್ಯ ದಿನಾ ನನ್ನ ಪಕ್ಕ ಹೇಗೆ ಮಲಗುತ್ತಿದ್ದರು ಎಂಬ ಅಳು.

ಚೆಲುವಮ್ಮ ಮೆಟ್ಟಿಲು ಹತ್ತಿ ಅವರ ಎದುರು ನಿಂತಳು. ಗಿರಾಕಿಯ ಅಳತೆ ತೆಗೆಯುವ ಹಾಗೆ ಕೊರಳಿನ ಟೇಪು ತೆಗೆದಳು. ಎಲ್ಲದಕ್ಕಿಂತ ಕೆಂಪಾಗಿದ್ದ ಗೆರೆಯನ್ನು ಹುಡುಕಿ, ಹೊಕ್ಕುಳಿಂದ ಕೆಳಕ್ಕೆ ಟೇಪು ಹಿಡಿದಳು. "ಐದೂವರೆ" ಎಂದಳು. ಆಮೇಲೆ ತಿರುಗಿ ನೋಡಿದ್ದು ಡಾಕ್ಟರನ್ನು. "ಸರಿನಾ ಸ್ವಾಮಿ?"

ಡಾಕ್ಟರ್ ಸಂಪತ್ಕುಮಾರ್ ಕೂತಲ್ಲೇ ತಲೆ ತಗ್ಗಿಸಿದರು. "ಸರಿ. ಒಳಗೆ ರಕ್ತ ನಿಲ್ತಿರಲಿಲ್ಲ. ಗರ್ಭಕೋಶ ಕೆಟ್ಟುಹೋಗಿತ್ತು. ತೆಗೀದೇ ಇದ್ರೆ ನೀವು ಉಳೀತಿರಲಿಲ್ಲ."

"ನಂಗೆ ಬೆಳಗ್ಗೆಯಿಂದ ಎಚ್ಚರ ಇತ್ತಲ್ಲ ಸ್ವಾಮಿ. ಕೇಳಕ್ಕೆ ಹೊತ್ತಿರ್ಲಿಲ್ವಾ?"

"ಹೊತ್ತಿತ್ತು" ಎಂದರು ಡಾಕ್ಟರು. "ಕೇಳೋ ಅಗತ್ಯ ಇರಲಿಲ್ಲ. ಹದಿನೈದನೇ ಕಲಮು ಇತ್ತು."

ಆಗ ಎಲ್ಲರಿಗೂ ತಿಳಿಯಿತು. ಡಾಕ್ಟರು ತೀರ್ಮಾನ ಮಾಡಿರಲಿಲ್ಲ, ಗಂಡ ಮಾಡಿರಲಿಲ್ಲ, ಚೆಲುವಮ್ಮನಂತೂ ಮಾಡಿರಲೇ ಇಲ್ಲ. ಹದಿನಾರು ವರ್ಷದ ಹಿಂದೆ ನಮ್ಮ ಜಗಲಿಯ ಮೇಲೆ ಕೂತು, ಆ ಒಂದು ಸಾಲಿನಲ್ಲಿ, ಮುಂದೆ ಬರುವ ಎಲ್ಲರ ಪರವಾಗಿ ಹೂಂ ಎಂದುಬಿಟ್ಟಿದ್ದವರು ನಮ್ಮನೆಯವರು.

"ಮೊದಲನೆಯದು ಬಿದ್ದಾಗಲೇ ಗೊತ್ತಾಯಿತು" ಎಂದರು ಅವರು, ಮೆಲ್ಲಗೆ, ಚೆಲುವಮ್ಮನಿಗೆ ಮಾತ್ರ ಹೇಳುವಂತೆ. "ಯಾರಿಗಾದರೂ ಬೀಳಲೇಬೇಕಲ್ಲ ತಾಯಿ. ನನಗೇ ಬೀಳಲಿ ಅಂತ ಸುಮ್ಮನಿದ್ದೆ."

"ಬಿದ್ದಿದ್ದು ನಿಮ್ಗೆ ಸ್ವಾಮಿ, ಹೋಗಿದ್ದು ನಂದು" ಎಂದಳು ಚೆಲುವಮ್ಮ. ಟೇಪನ್ನು ಸುತ್ತಿ ಮುಷ್ಟಿಯಲ್ಲಿ ಹಿಡಿದಳು. "ಸಾಯ್ತೀಯ, ತೆಗೀಬೇಕು ಅಂತ ಒಂದು ಮಾತು ಕೇಳಿದ್ರೆ ನಾನೇ ಹೂಂ ಅಂತಿದ್ದೆ. ನನ್ನ ಗುರುತು ನನ್ನ ಮೇಲೇ ಇರ್ತಿತ್ತು. ಮೂರ್ನಾಕು ತಿಂಗ್ಳಿಂದ ಸುಳ್ಳಿ ಅನ್ನಿಸ್ಕೊಂಡು ಬದುಕ್ತಿರ್ಲಿಲ್ಲ."

ಅವಳು ಕೆಳಗಿಳಿದು ಅತ್ತೆಯ ಮುಂದೆ ಒಂದು ಗಳಿಗೆ ನಿಂತಳು. ಅತ್ತೆ ನೆಲ ನೋಡಿದಳು. ಚೆಲುವಮ್ಮ ಮಗಳನ್ನು ಎತ್ತಿಕೊಂಡು ಮುಂದೆ ನಡೆದಳು, ಗಂಡ ಹಿಂದೆ ಹೋದ.

ಫಾರಮ್ಮಿನಿಂದ ಹದಿನೈದನೇ ಕಲಮನ್ನು ಮರುದಿನವೇ ಹೊಡೆದುಹಾಕಿದರು. ನಮ್ಮವರು ರಾಜೀನಾಮೆ ಬರೆದು ಕಳಿಸಿದರು, ಬೀಳ್ಕೊಡುಗೆಯ ಶಾಲು ತಪ್ಪಿತು. ಕೆಲಸ ಮಾತ್ರ ತಪ್ಪಲಿಲ್ಲ. ವಾರ ಕಳೆಯುವಷ್ಟರಲ್ಲಿ ನಮ್ಮ ಜಗಲಿಯ ಕೆಳಗೆ ಮತ್ತೆ ಚಪ್ಪಲಿಗಳು ಸಾಲುಗಟ್ಟಿದವು. ಬಂದವರಲ್ಲಿ ಹೆಂಗಸರೇ ಹೆಚ್ಚು. ಗುರುತಿಲ್ಲದ ಮೈ ಇಟ್ಟುಕೊಂಡು, ಏನೋ ಆಗಿದೆ, ಏನೆಂದು ಗೊತ್ತಿಲ್ಲ ಎಂದು ವರ್ಷಗಟ್ಟಲೆ ಒಳಗೊಳಗೇ ಸಂಶಯಪಟ್ಟವರು. ನಮ್ಮವರು ಬೆಳಿಗ್ಗೆ ಸ್ನಾನ ಮಾಡಿ, ಬರಿಮೈಯಲ್ಲಿ ಪಂಚೆಯುಟ್ಟು ಬೆತ್ತದ ಕುರ್ಚಿಯಲ್ಲಿ ಕೂತುಕೊಳ್ಳುತ್ತಾರೆ. ಬಂದವರು ಎದುರಿನ ಮಣೆಯ ಮೇಲೆ ಕೂತು, ಯಾವ ವರ್ಷ, ಯಾವ ತಿಂಗಳು ಎಂದು ಹೇಳುತ್ತಾರೆ. ಅವರು ನೆನಪು ಮಾಡಿಕೊಂಡು ಗೆರೆಯ ಮೇಲೆ ಬೆರಳಿಡುತ್ತಾರೆ. ಪ್ರತಿಯೊಂದೂ ಬಿದ್ದ ದಿನ ಅವರಿಗೆ ನೆನಪಿದೆ. ಕೆಲವರು ಬೈಯುತ್ತಾರೆ. ಒಬ್ಬಳು ಉಗಿದು ಹೋದಳು. ಹೆಚ್ಚಿನವರು ತಮ್ಮದನ್ನು ಒಮ್ಮೆ ಮುಟ್ಟಿ ನೋಡಿ ಸುಮ್ಮನೆ ಎದ್ದುಹೋಗುತ್ತಾರೆ. ನಾನು ಎಲ್ಲರಿಗೂ ಮಜ್ಜಿಗೆ ಕೊಡುತ್ತೇನೆ. ಬಚ್ಚಲಿನ ಚಿಲಕವನ್ನು ಅವರೇ ಕಿತ್ತು ಎಸೆದರು, ನಾನು ಮತ್ತೆ ಬೆನ್ನುಜ್ಜುತ್ತೇನೆ.

ಮೊನ್ನೆ ಹತ್ತು ಗಂಟೆಯ ಹೊತ್ತಿಗೆ ಬಂದವರೆಲ್ಲ ಹೋಗಿಯಾಗಿತ್ತು. ಬಿಸಿಲು ಅವರ ಹೊಟ್ಟೆಯ ಮೇಲೆ ಬಿದ್ದ ಜಾಗದಲ್ಲಿ ಉರಿಯದಿರಲಿ ಎಂದು ಕೊಬ್ಬರಿ ಎಣ್ಣೆ ತಂದು ಸವರುತ್ತಿದ್ದೆ. ಈಗ ನನಗೆ ಎಲ್ಲ ಗೆರೆಗಳ ಹೆಸರು ಗೊತ್ತು. ಇದು ಬಳೆ ಅಂಗಡಿಯ ಫಾತಿಮಾಬಿಯದು, ಇದು ಟೀಚರ್ ಸರಸ್ವತಿಯ ತಂಗಿಯದು. ಹಾಗೆ ಕೆಳಗಿಳಿದ ಬೆರಳು ಹೊಕ್ಕುಳಿನ ಕೆಳಗೆ, ಅಡ್ಡಕ್ಕೆ, ಹೆಬ್ಬೆರಳಗಲದ ಒಂದರ ಮೇಲೆ ನಿಂತಿತು. ಎಲ್ಲಕ್ಕಿಂತ ಹಳೆಯದು. ಇಂಥದೇ ಇನ್ನೂ ನಾಲ್ಕು ಅದೇ ಮೈಮೇಲೆ ಇದ್ದವು, ನಾಲ್ಕೂ ಹೆರಿಗೆಗೆ ಹೋದಾಗ ಆಸ್ಪತ್ರೆಯವರು ಕೇಳದೆ ಮಕ್ಕಳಾಗದ ಆಪರೇಷನ್ ಮಾಡಿಬಿಟ್ಟವರದು. ಆ ನಾಲ್ವರೂ ಬಂದು ಹೋಗಿದ್ದರು. ಈ ಐದನೆಯದನ್ನು ಹುಡುಕಿಕೊಂಡು ಯಾರೂ ಬಂದಿರಲಿಲ್ಲ.

"ಇದು ಯಾರದು?" ಎಂದೆ.

"ಅದು ಸೈಕಲ್ಲು..." ಎಂದರು.

ಮಗಳು ಹುಟ್ಟಿದ ಮೂರನೇ ದಿನ ನನಗೊಂದು ಸೂಜಿ ಕೊಟ್ಟು ಇಡೀ ಬೆಳಿಗ್ಗೆ ಮಲಗಿಸಿದ್ದರು. ನಂಜಾಗದಿರಲಿ ಎಂದು ಹೇಳಿದ್ದರು. ಆಮೇಲೆ ಇನ್ನೊಂದು ಮಗುವಿಗಾಗಿ ನಾನು ಹೊರದ ಹರಕೆಯಿಲ್ಲ, ಕುಡಿಯದ ಕಷಾಯವಿಲ್ಲ. ಹನ್ನೆರಡು ವರ್ಷ. ಈ ಮನುಷ್ಯ ನನ್ನ ಜೊತೆ ಹರಕೆಯ ತೆಂಗಿನಕಾಯಿ ಹಿಡಿದುಕೊಂಡು ಸಾಲಿನಲ್ಲಿ ನಿಂತಿದ್ದರು. ಆಸ್ತಿ ಕಾನೂನು ಯಾಕೆ ಬಿಟ್ಟರೆಂದು ಆಗ ಅರ್ಥವಾಯಿತು. ತುಂಬಿದ ಸಭೆಯಲ್ಲಿ ನನ್ನ ಬರಿ ಹೊಟ್ಟೆಯನ್ನು ನಾನೇ ಎತ್ತಿ ತೋರಿಸಿದಾಗ ಆ ಮುಖ ಯಾಕೆ ಹಾಗಾಯಿತೆಂದೂ ಅರ್ಥವಾಯಿತು.

"ಇನ್ನೊಂದು ಹೆರಿಗೆ ಆದರೆ ನೀನು ಉಳಿಯೋದಿಲ್ಲ ಅಂದರು ಡಾಕ್ಟರು" ಎಂದರು. "ನಾನು ಹೂಂ ಅಂದೆ. ನೀನು ಪಕ್ಕದ ಕೋಣೆಯಲ್ಲೇ ಇದ್ದೆ. ಎದ್ದು ಕೂತು ಕೂಸಿಗೆ ಹಾಲು ಕೊಡ್ತಿದ್ದೆ."

"ಕೇಳಬಹುದಿತ್ತು."

"ಹೂಂ."

"ಕೇಳಿದ್ರೆ ನಾನು ಊಹೂಂ ಅಂತಿದ್ದೆ."

"ಗೊತ್ತಿತ್ತು ಗೌರಾ. ಅದಕ್ಕೇ ಕೇಳಲಿಲ್ಲ."

ಎಣ್ಣೆಯ ಬಟ್ಟಲನ್ನು ಕೆಳಗಿಟ್ಟೆ. ಕೈಯನ್ನು ಸೆರಗಿಗೆ ಒರೆಸಿಕೊಂಡೆ. ಹೆಂಗಸರು ಕೂರುವ ಮಣೆಯನ್ನು ಎಳೆದುಕೊಂಡು ಅವರ ಎದುರು ಕೂತೆ.

"ಈಗ ಕೇಳಿ" ಎಂದೆ.

ಅವರು ನನ್ನ ಮುಖ ನೋಡಿದರು. ಹುಡುಗಾಟವಲ್ಲ ಎಂದು ತಿಳಿದ ಮೇಲೆ ನೆಟ್ಟಗೆ ಕೂತರು. ಮೂವತ್ತೈದು ವರ್ಷ ತರಗತಿಯಲ್ಲಿ ತಡವರಿಸದ ಮನುಷ್ಯ ಒಂದೊಂದೇ ಮಾತು ಹುಡುಕಿಕೊಂಡು ಕೇಳಿದರು: ಇನ್ನೊಂದು ಮಗುವಾದರೆ ನಿನ್ನ ಜೀವಕ್ಕೆ ಅಪಾಯವಂತೆ, ಮುಂದೆ ಮಕ್ಕಳಾಗದ ಹಾಗೆ ಮಾಡಬೇಕು ಅನ್ನುತ್ತಾರೆ, ಮಾಡಿಸಲೇ, ಬೇಡವೇ?

ನಾನು ಊಹೂಂ ಎಂದೆ.